ಕಪ್ಪು ಕಾರಿಗೆ ರೇಷ್ಮೆ ಗವಸು

"ಮೆತ್ತಗಿದೆ" ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ದಿಂಬು ಮೆತ್ತಗಿರಲಿ, ಇಡ್ಲಿ ಮೆತ್ತಗಿರಲಿ, ನನ್ನದೇನೂ ತಕರಾರಿಲ್ಲ. ಆದರೆ ಕಾರು ತೊಳೆಯುವ ಸ್ಪಂಜನ್ನೋ ಬಟ್ಟೆಯನ್ನೋ ಕೈಗೆತ್ತಿಕೊಂಡು, ಕೆನ್ನೆಗೆ ಒತ್ತಿ, ಕಣ್ಣು ಅರ್ಧ ಮುಚ್ಚಿ, "ಆಹಾ, ಎಷ್ಟು ಮೆತ್ತಗಿದೆ" ಎನ್ನುವವನನ್ನು ಕಂಡರೆ ಅವನ ಕೆನ್ನೆಗೆ ಬೇರೇನನ್ನೋ ಒತ್ತಬೇಕು ಅನ್ನಿಸುತ್ತದೆ. ಇಂಥ ಕೆನ್ನೆಗಳೇ ತುಂಬಿದ್ದ ಒಂದು ಅಂಗಳದಲ್ಲಿ ನಾನು ಕೆಲಸ ಮಾಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಸುವ ಯಜಮಾನರೊಬ್ಬರ ಕಾರಿಗೆ ನಾನು ಡ್ರೈವರ್. ಅವರ ಮನೆತನ ಸಾದಲಿ ಕಡೆಯದು. ಹೊಲ, ಹಿಪ್ಪುನೇರಳೆ ತೋಟ ಎಲ್ಲ ಅಲ್ಲಿ. ಚರಕದ ಶೆಡ್ಡು, ಮನೆ, ಜಂಬ ಎಲ್ಲ ಪೇಟೆಯಲ್ಲಿ. ಕಾರು ಹಳೆಯದು, ಬಣ್ಣ ಮಾತ್ರ ಹೊಸದು. ನನಗಿಂತ ಮುಂಚೆ ಇದ್ದವನು ಅದನ್ನು ತೆಂಗಿನ ನಾರು ಹಾಕಿ, ಹಿತ್ತಾಳೆ ಕೊಳಗ ಬೆಳಗಿದ ಹಾಗೆ ಬೆಳಗಿ, ಬಣ್ಣವನ್ನೆಲ್ಲ ಬೂದಿ ಮಾಡಿಟ್ಟಿದ್ದ. ಅವನನ್ನು ಓಡಿಸಿ, ಕಾರಿಗೆ ಬೆಂಗಳೂರಿನಲ್ಲಿ ಕಪ್ಪು ಬಣ್ಣ ಹೊಡೆಸಿ, ನನ್ನನ್ನು ಸೇರಿಸಿಕೊಂಡಿದ್ದರು.

ಕಾರನ್ನು ಬೆಂಗಳೂರಿನಿಂದ ತರಲು ಹೋದವನು ನಾನೇ. ಪೇಂಟರ್ ಗಂಟುಮೋರೆಯ ಮನುಷ್ಯ, ಆದರೂ ಒಂದು ಮಾತು ಸರಿಯಾಗಿ ಹೇಳಿದ. "ಕಪ್ಪು ಬಣ್ಣದಲ್ಲಿ ಏನೂ ಮುಚ್ಚಿಡೋಕಾಗಲ್ಲ. ಕೂದಲೆಳೆ ಗೀರು ಬಿದ್ರೂ ಬಿಸಿಲಲ್ಲಿ ಎದ್ದು ಕಾಣ್ತದೆ. ಗಾಡಿ ಓಡಿಸೋದ್ರಿಂದ ಬಣ್ಣ ಹಾಳಾಗಲ್ಲಪ್ಪ, ತೊಳೆಯೋದ್ರಿಂದ ಹಾಳಾಗೋದು." ಅವನು ಬಣ್ಣ ಕೂಡುತ್ತದೋ ಇಲ್ಲವೋ ಎಂದು ಮೊದಲು ಒಂದು ತಗಡಿಗೆ ಹೊಡೆದು ನೋಡಿದ್ದ. ಆ ತಗಡನ್ನು ಕೇಳಿ ತೆಗೆದುಕೊಂಡು ಬಂದೆ.

ಕಾರು ಅಂಗಳಕ್ಕೆ ಬಂದ ದಿನವೇ ಯಜಮಾನರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟಿನಲ್ಲಿ ತಮ್ಮ ಮೀಸೆ ನೋಡಿಕೊಂಡು, "ನೋಡಯ್ಯ, ಇದ್ರ ಮೇಲೆ ಒಂದ್ ಗೀರು ಬಿತ್ತೋ, ನಿನ್ ಗಂಟುಮೂಟೆ ಆಚೆಗೆ," ಎಂದರು. ನನ್ನ ಗಂಟುಮೂಟೆ ಆಗಷ್ಟೇ ಒಳಗೆ ಬಂದಿತ್ತು. ಚರಕದ ಶೆಡ್ಡಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಗೌರಿಬಿದನೂರಿನ ಬಾಡಿಗೆ ಕೋಣೆಯಿಂದ ಚಿಕ್ಕಬಳ್ಳಾಪುರದ ಬಾಡಿಗೆ ಕೋಣೆಗೆ ಅಲೆದು ಸುಸ್ತಾಗಿದ್ದ ನನ್ನ ಹೆಂಡತಿ ಆ ಕೋಣೆಗೆ ಸುಣ್ಣ ಹೊಡೆದು, ಒಲೆ ಹಾಕಿ, ಮಗಳನ್ನು ಊರ ಶಾಲೆಗೆ ಸೇರಿಸಿ, "ಇನ್ನು ನಾನು ಇಲ್ಲಿಂದ ಏಳಲ್ಲ ಕಣ್ರೀ," ಅಂದುಬಿಟ್ಟಿದ್ದಳು. ಅವಳು ಏಳಬೇಕೋ ಬೇಡವೋ ಎಂಬುದು ಆ ಕಪ್ಪು ಬಣ್ಣದ ಮೇಲೆ ನಿಂತಿತ್ತು. ಹಾಗಾಗಿ ತೊಳೆಯುವ ವಿಷಯ ನನಗೆ ಹುಡುಗಾಟವಾಗಿರಲಿಲ್ಲ.

ನಮ್ಮ ಕಡೆಯ ರಸ್ತೆ ಧೂಳು ಬರೀ ಮಣ್ಣಲ್ಲ. ಚಿಂತಾಮಣಿಗೆ ಹೋಗಿ ಬಂದರೆ ಮಡ್‌ಗಾರ್ಡಿನ ಮೇಲೆ ಕೂರುವ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಕರಕರ ಅನ್ನುತ್ತದೆ. ಅದು ಬಂಡೆಯ ಪುಡಿ, ಬೆಣಚುಕಲ್ಲಿನ ಚೂರು. ಅದರ ಮೇಲೆ ಯಾವ ಬಟ್ಟೆ ಆಡಿಸಿದರೂ ಉಜ್ಜುವುದು ಬಟ್ಟೆಯಲ್ಲ, ಆ ಚೂರು. ಇಷ್ಟು ತಿಳಿಯಲು ಪಂಡಿತನಾಗಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ಯಾರ ತಲೆಗೂ ಇದು ಹೋಗಲಿಲ್ಲ.

ನಾನು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕದ ಮೇಲೆ ಮಡ್‌ಗಾರ್ಡಿನ ಧೂಳನ್ನೇ ಉದುರಿಸಿ, ಒಂದೊಂದು ವಸ್ತುವಿನಿಂದ ತೊಳೆದು ನೋಡಲು ಶುರು ಮಾಡಿದೆ. ತೊಳೆದು, ಒಣಗಿಸಿ, ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡುವುದು. ನೆತ್ತಿ ಬಿಸಿಲಲ್ಲಿ ಗೀರು ಕಾಣುವುದಿಲ್ಲ, ಒದ್ದೆಯಿರುವಾಗಂತೂ ಕಾಣುವುದೇ ಇಲ್ಲ. ಮೊದಲು ಹೀರೇಕಾಯಿ ನಾರು. ಅದರಲ್ಲಿ ಮೈ ಉಜ್ಜಿಕೊಂಡರೆ ಹಿತ, ಬಣ್ಣ ಉಜ್ಜಿದರೆ ಮೊದಲ ಕೈಗೇ ಗೆರೆ. ಆಮೇಲೆ ಹಳೇ ಪಂಚೆ. ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ಪಂಚೆ ಚಪ್ಪಟೆ, ಮರಳಿಗೆ ಒಳಗೆ ಹೋಗಲು ದಾರಿಯಿಲ್ಲದೆ ಅದು ಬಟ್ಟೆಗೂ ಬಣ್ಣಕ್ಕೂ ನಡುವೆ ಉರುಳಾಡುತ್ತದೆ. ಒರೆಸಲು ಸರಿ, ತೊಳೆಯಲು ಅಲ್ಲ. ಬೆಂಗಳೂರಿನಿಂದ ತಂದ ರಬ್ಬರ್ ಸ್ಪಂಜು ಮೊದಲ ಸಲ ಚೆನ್ನಾಗಿ ನಡೆದುಕೊಂಡಿತು. ಎರಡನೇ ಸಲಕ್ಕೆ ಅದರ ತೂತುಗಳಲ್ಲಿ ಹಿಂದಿನ ಸಲದ ಮರಳು ಹಾಯಾಗಿ ಕೂತಿತ್ತು, ಹಿಂಡಿದರೂ ಬರಲಿಲ್ಲ. ಆ ಚೌಕವೂ ಹಾಳಾಯಿತು.

ಇದನ್ನೆಲ್ಲ ನಾನು ಮಾಡುವಾಗ ಅಂಗಳದಲ್ಲಿ ಹಾದುಹೋಗುವವರೆಲ್ಲ ನಿಂತು ಹಲ್ಲು ಕಿರಿಯುತ್ತಿದ್ದರು. "ಏನಪ್ಪ, ಕಾರು ಬಿಟ್ಟು ತಗಡು ತೊಳೀತಾ ಇದೀಯ, ಸಂಬಳ ತಗಡಿಗಾ?" ಹೀಗೆ ಕೇಳಿದವನು ತನ್ನ ಸೈಕಲ್ಲನ್ನು ಹುಟ್ಟಿದಾಗಿನಿಂದ ಒಂದು ಸಲವೂ ತೊಳೆದವನಲ್ಲ.

ಆಗ ನನಗೆ ಕುರಿ ನೆನಪಾಯಿತು. ಬೇಕಾದದ್ದು ಮೆತ್ತಗಿರುವುದಲ್ಲ, ಆಳವಿರುವುದು. ಉದ್ದ ಕೂದಲಿದ್ದರೆ ಮರಳು ಒಳಕ್ಕೆ ಇಳಿಯುತ್ತದೆ, ನೀರಲ್ಲಿ ಜಾಲಿಸಿದರೆ ಬಿಟ್ಟುಕೊಡುತ್ತದೆ. ಒಂದು ದಿನ ಯಜಮಾನರು ಅಂಬಾಜಿದುರ್ಗದ ತಪ್ಪಲಲ್ಲಿ ಯಾರದೋ ಹಿಪ್ಪುನೇರಳೆ ತೋಟ ನೋಡಲು ಹೋದಾಗ, ಅಲ್ಲಿ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾರನನ್ನು ನಿಲ್ಲಿಸಿದೆ. ವಿಷಯ ಕೇಳಿ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏಮಪ್ಪಾ, ಕಾರ್ಗೂ ಚಳಿ ಆಯ್ತದಾ? ಕಂಬ್ಳಿ ಹೊದಿಸ್ತೀರಾ?" ಅಂತ ನಕ್ಕು, ಕೂದಲಿನ ಸಮೇತ ಒಂದು ಮರಿಯ ಚರ್ಮ ಕೊಟ್ಟ. ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ್ದು. ನನಗೆ ಭಾರೀ ಖುಷಿ. ಆ ಖುಷಿ ಮೊದಲ ತೊಳೆತದವರೆಗೆ ಮಾತ್ರ ಉಳಿಯಿತು. ಒಣಗಿದ ಮೇಲೆ ಚರ್ಮ ಹಪ್ಪಳದಂತೆ ಸೆಟೆದುಕೊಂಡು ಸೀಳಿಹೋಯಿತು. ತೊಗಟೆಯ ಕಂದು ನೀರು ಬೇರೆ ಬಕೆಟ್ಟಿನ ತುಂಬ.

ಚರ್ಮದ ಸಹವಾಸ ಬಿಟ್ಟು ಬರೀ ತುಪ್ಪಟ ತಂದೆ. ಮರಿಯ ಮೊದಲ ಸಲದ ಉಣ್ಣೆ. ದೊಡ್ಡ ಕುರಿಯದು ಕಂಬಳಿಗೆ ಸರಿ, ಇದಕ್ಕಲ್ಲ. ಅದರಲ್ಲೂ ಎರಡು ತೊಂದರೆ. ಉತ್ತರಾಣಿಯ ಮುಳ್ಳುಬೀಜಗಳು ಎಳೆಯೆಳೆಗೂ ಅಂಟಿದ್ದವು; ಕುರಿಯ ಜಿಡ್ಡು ಬಣ್ಣದ ಮೇಲೆ ಮಂಜು ಕವಿದ ಹಾಗೆ ಮೆತ್ತಿಕೊಳ್ಳುತ್ತಿತ್ತು. ಜಿಡ್ಡಿಗೆ ಅಂಟುವಾಳಕಾಯಿಯ ಉಗುರುಬೆಚ್ಚಗಿನ ನೀರು ಸಾಕಾಯಿತು. ಬೀಜ ಆರಿಸಿದವಳು ನನ್ನ ಹೆಂಡತಿ. "ನನ್ ತಲೆ ಬಾಚ್ಕೊಳ್ಳೋಕೆ ಪುರುಸೊತ್ತಿಲ್ಲ, ಕುರಿ ತಲೆ ಬಾಚ್ತಾ ಕೂತಿದೀನಿ," ಅಂತ ಬೈದುಕೊಳ್ಳುತ್ತಲೇ ಕುಚ್ಚು ಕುಚ್ಚಾಗಿ ಉಣ್ಣೆ ತೆಗೆದು, ಕೈ ತೂರಿಸುವಂಥ ಬಟ್ಟೆ ಚೀಲದ ಮೇಲೆ ಸಾಲಾಗಿ ಒತ್ತೊತ್ತಾಗಿ ಹೊಲಿದಳು. ನೋಡಲು ಅದು ಅಸಹ್ಯವಾಗಿತ್ತು. ಆದರೆ ತಗಡಿನ ಆ ಚೌಕ ಓರೆ ಬಿಸಿಲಲ್ಲಿ ಪೇಂಟರ್ ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

ಅಂದಿನಿಂದ ತೊಳೆಯುವ ಕ್ರಮ ನಿಶ್ಚಯವಾಯಿತು. ಮೊದಲು ಮುಟ್ಟದೆ, ಬರೀ ನೀರು ಮೇಲಿಂದ ಸುರಿದು ಧೂಳು ಇಳಿಸುವುದು. ಆಮೇಲೆ ಉಣ್ಣೆ ಗವಸು ಅಂಟುವಾಳದ ನೊರೆಯಲ್ಲಿ ಅದ್ದಿ, ಒತ್ತದೆ, ನೇರವಾಗಿ ಎಳೆಯುವುದು, ಸುತ್ತಿಸಬಾರದು. ಟಾಪಿನಿಂದ ಶುರು, ಕೆಳಗಿನ ಕೊಳಕು ಕೊನೆಗೆ. ಪ್ರತಿ ಸಲ ಬೇರೆ ಬಕೆಟ್ಟಿನ ಬರೀ ನೀರಲ್ಲಿ ಜಾಲಿಸಿ ಮತ್ತೆ ನೊರೆಗೆ. ಚಕ್ರಕ್ಕೆ ಬೇರೆ ಬಟ್ಟೆ. ತಿಂಗಳುಗಳು ಕಳೆದರೂ ಬಾನೆಟ್ಟಿನಲ್ಲಿ ಯಜಮಾನರ ಮೀಸೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಅದು ಹೇಗೆ ಕಾಣುತ್ತಿದೆ ಎಂದು ಅವರು ಒಂದು ದಿನವೂ ಕೇಳಲಿಲ್ಲ.

ಇಷ್ಟರಲ್ಲಿ ಅವರ ಬಾಮೈದ ಬಂದು ಮನೆಯಲ್ಲಿ ಠಿಕಾಣಿ ಹೂಡಿದ. ಕೈಹಾಕಿದ ಪ್ರತಿ ವ್ಯಾಪಾರದಲ್ಲೂ ಮುಳುಗಿ, ಪ್ರತಿ ಸಲವೂ ಅಕ್ಕನ ಮನೆಯಲ್ಲೇ ದಡ ಸೇರುವ ಆಸಾಮಿ. ಮೈಗೆ ಅತ್ತರು, ಬಾಯಿಗೆ ಎಲೆ ಅಡಿಕೆ, ಕೈಗೆ ಕೆಲಸವಿಲ್ಲ. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸಿಕ್ಕುಸಿಕ್ಕಾದ ರೇಷ್ಮೆಯನ್ನು ಜೂಟು ಅನ್ನುತ್ತಾರೆ. ಶೆಡ್ಡಿನ ಮೂಲೆಯಲ್ಲಿ ಅದರ ಮೂಟೆಗಳು ಇರುತ್ತಿದ್ದವು. ನಾನು ಉಣ್ಣೆ ಗವಸಿನಲ್ಲಿ ತೊಳೆಯುವುದನ್ನು ನೋಡುತ್ತ ಕೂತಿದ್ದ ಈ ಮಹಾನುಭಾವನಿಗೆ ಒಂದು ಬೆಳಗ್ಗೆ ಜ್ಞಾನೋದಯವಾಯಿತು.

"ಬಾವ, ಜುಜುಬಿ ಕುರಿ ಕೂದ್ಲಲ್ಲೇ ಇಷ್ಟು ಹೊಳಪು ಬಂದ್ರೆ, ರೇಷ್ಮೇಲಿ ತೊಳೆದ್ರೆ ಹೆಂಗಿರ್ಬೇಕು? ಜೂಟಲ್ಲಿ ಗೌಸು ಹೊಲಿಸೋಣ. ಬೆಂಗಳೂರಿನ ಕಾರಿನೋರೆಲ್ಲ ನಮ್ಮನೆ ಬಾಗಿಲಿಗೆ ಬರ್ತಾರೆ!"

ಜೂಟನ್ನು ಸೋಡಾ ನೀರಲ್ಲಿ ಅರೆಬರೆ ಕುದಿಸಿ, ಬಿಡಿಸಿ, ಶೆಡ್ಡಿನ ಹೆಂಗಸರ ಕೈಲಿ ಒಂದಿಷ್ಟು ಗವಸು ಹೊಲಿಸಿದ. ಬಿಳಿ ಬಿಳಿ, ನವಿರು, ನೋಡಲು ಮದುವೆ ಹೆಣ್ಣಿನ ಹಾಗೆ. ನಾನು ಒಂದನ್ನು ತಗಡಿನ ಮೇಲೆ ಆಡಿಸಿದೆ. ಒಣಗಿದ್ದಾಗ ನವಿರು ನಿಜ. ನೀರಿಗೆ ಬಿದ್ದದ್ದೇ ಮುದ್ದೆ. ಅದರ ಸಣ್ಣ ಎಳೆಗಳು ಮರಳನ್ನು ಹಿಡಿದರೆ ಬಿಡುವುದಿಲ್ಲ, ಎಷ್ಟು ಜಾಲಿಸಿದರೂ ಅಲ್ಲೇ. ಹಿಂಡಿ ಬಿಡಿಸಿದರೆ ಸತ್ತ ಹುಳುವಿನ ಒಣ ಸಿಪ್ಪೆಯ ಚೂರುಗಳು ಬೇರೆ. ಬೆಳಗಿನ ಬಿಸಿಲಲ್ಲಿ ಆ ಚೌಕದ ತುಂಬ ಜೇಡ ಬಲೆ ನೇಯ್ದಂತೆ ಗೀರು.

ತಗಡನ್ನೂ ಆ ಗವಸನ್ನೂ ತೆಗೆದುಕೊಂಡು ಯಜಮಾನರ ಹತ್ತಿರ ಹೋದೆ. ಅವರ ಕೈ ಗೂಡಿನ ಸಂತೆಯಲ್ಲಿ ಹೆಸರಾದ ಕೈ. ರಾಶಿಯೊಳಗೆ ಬೆರಳು ತೂರಿಸಿದರೆ ಗೂಡು ಯಾವ ಊರದು, ಎಷ್ಟು ನೂಲು ಬರುತ್ತದೆ ಅಂತ ಹೇಳುತ್ತಿದ್ದರು. ಆ ಬೆರಳಿನ ಮೇಲೆ ಅವರಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಗವಸನ್ನು ಬೆರಳಲ್ಲಿ ನೀವಿದರು, ಕೆನ್ನೆಗೆ ಒತ್ತಿಕೊಂಡರು, ಶುರುವಾಯಿತು.

"ಎಷ್ಟು ಮೆತ್ತಗೈತೆ ನೋಡು. ಇದು ಗೀರ್ತದೆ ಅಂತೀಯಾ? ರೇಷ್ಮೆ ಕಣಯ್ಯ! ಹುಟ್ಟಿದಾಗಿಂದ ಇದ್ರಲ್ಲೇ ಕೈಯಾಡಿಸ್ತಾ ಇದೀನಿ. ಒಂದಿನಾನಾದ್ರೂ ನನ್ ಕೈ ಗೀರೈತಾ?"

"ಗೀರೋದು ರೇಷ್ಮೆ ಅಲ್ಲ ಯಜಮಾನ್ರೇ, ಅದ್ರೊಳಗೆ ಕೂತ್ಕೊಳ್ಳೋ ಮರಳು. ಈ ತಗಡು ನೋಡಿ, ಈ ಮೂಲೆ ಉಣ್ಣೇದು, ಈ ಮೂಲೆ ರೇಷ್ಮೇದು."

ತಗಡನ್ನು ಬಿಸಿಲಿಗೆ ಹಿಡಿದೆ. ಅವರು ನೋಡಿದರು. ನೋಡಿ, "ತಗಡು ಬೇರೆ, ಕಾರು ಬೇರೆ," ಎಂದರು. ಪಕ್ಕದಲ್ಲಿ ನಿಂತಿದ್ದ ಬಾಮೈದ ತಲೆದೂಗಿದ. "ಅವ್ನಿಗೆ ಹೊಟ್ಟೆಕಿಚ್ಚು ಬಾವ. ಹೆಂಡ್ತಿ ಹೊಲಿದಿರೋ ಕುರಿಬಾಲ ಮೂಲೆಗೆ ಬೀಳ್ತದಲ್ಲ, ಅದಕ್ಕೆ."

ಆಯುಧಪೂಜೆಯ ದಿನ ಊರಿನ ನೂಲಿನ ಯಜಮಾನರನ್ನೆಲ್ಲ ಕರೆದು, ಅವರೆದುರಿಗೆ ರೇಷ್ಮೆ ಗವಸಿನಲ್ಲಿ ಕಾರು ತೊಳೆದು ತೋರಿಸುವುದು, ಅಲ್ಲೇ ವ್ಯಾಪಾರ ಕುದುರಿಸುವುದು ಅಂತ ತೀರ್ಮಾನವಾಯಿತು. ತೊಳೆಯಬೇಕಾದವನು ನಾನು. ತೊಳೆದರೆ ಗೀರು ಬೀಳುತ್ತದೆ, ಗೀರು ಬಿದ್ದರೆ ಗಂಟುಮೂಟೆ ಆಚೆಗೆ. ತೊಳೆಯಲ್ಲ ಅಂದರೆ ಇನ್ನೂ ಬೇಗ ಆಚೆಗೆ. ಯೋಚಿಸಿ ಯೋಚಿಸಿ ಕೊನೆಗೆ ಯಜಮಾನರ ಮುಂದೆ ನಿಂತು ಹೇಳಿದೆ: "ಗಾಡಿ ಎಲ್ಲಿಗೆ ಬೇಕಾದ್ರೂ ಹೊಡೀತೀನಿ. ಆ ಗವಸಿನೊಳಗೆ ಮಾತ್ರ ನನ್ ಕೈ ಇಡಲ್ಲ. ಹೊಲಿಸಿದೋರೇ ತೊಳೀಲಿ."

ಅವರ ಮುಖ ಕೆಂಪಾಯಿತು. ಆದರೆ ಬಾಮೈದ ಕುಣಿದಾಡಿದ. ಅವನಿಗೆ ಅದೇ ಬೇಕಿತ್ತು, ಹತ್ತು ಜನರ ಮುಂದೆ ತೋಳು ಮಡಿಸಿ ನಿಲ್ಲುವುದು. ನಾನು ಬೇಡಿಕೊಂಡದ್ದು ಇಷ್ಟೇ: "ಮೊದ್ಲು ನೀರು ಹೊಡೆದು ಧೂಳು ಇಳಿಸ್ತೀನಿ, ಆಮೇಲೆ ನೀವೇನಾದ್ರೂ ಮಾಡ್ಕೊಳಿ." ಅದಕ್ಕೂ ನಕ್ಕ. "ಧೂಳು ನೀರಲ್ಲೇ ಹೋಗ್ಬಿಟ್ರೆ ಗೌಸಿನ ಕರಾಮತ್ತು ಎಲ್ಲಿ ಕಾಣ್ತದೆ? ಧೂಳು ಇನ್ನೂ ಜಾಸ್ತಿ ಇರ್ಲಿ." ಹಿಂದಿನ ದಿನ ಬೇಕೆಂದೇ ಕಾರನ್ನು ಚಿಂತಾಮಣಿಗೆ ಹೋಗಿ ಬರುವಂತೆ ಮಾಡಿದ.

ಹಬ್ಬದ ಬೆಳಗ್ಗೆ ಅಂಗಳ ತುಂಬ ಜನ. ಚರಕಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಬಂದವರೆಲ್ಲ ಗವಸನ್ನು ಕೈಯಿಂದ ಕೈಗೆ ದಾಟಿಸಿ ಕೆನ್ನೆಗೆ ಒತ್ತಿಕೊಂಡರು, ಒಬ್ಬರಾದರೂ ಬಿಡಬೇಕಲ್ಲ. "ಬಲೇ ಮೆತ್ತಗೈತಪ್ಪ!" ಬಾಮೈದ ಪಂಚೆ ಎತ್ತಿ ಕಟ್ಟಿ, ಗವಸನ್ನು ಬಕೆಟ್ಟಿಗದ್ದಿ, ಧೂಳಿನ ಮೇಲೆ ನೇರ ಇಟ್ಟ. ಕರ್ ಅಂತ ಸದ್ದು. ನನ್ನ ಹಲ್ಲು ಜುಮ್ಮೆಂದಿತು. ಅವನು ಅಂಗೈ ಊರಿ, ಗುಂಡಗೆ, ದೋಸೆ ಹುಯ್ಯುವಂತೆ ಸುತ್ತಿಸಿದ. ಬಾನೆಟ್ಟು, ಬಾಗಿಲು, ಡಿಕ್ಕಿ, ಎಲ್ಲಕ್ಕೂ ಅದೇ ಬಕೆಟ್ಟು, ಅದೇ ಕೆಸರು ನೀರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಲ್ಲಿ ನನ್ನ ಕಣ್ಣೆದುರಿಗೆ ಹಾಳಾಗುತ್ತಿದ್ದದ್ದು ಯಾರದೋ ಕಾರು, ಆದರೂ ಒಂದೊಂದು ಸುತ್ತನ್ನೂ ಎಣಿಸಿದೆ.

ನೀರು ಸುರಿದಾಗ ಕಾರು ಫಳಫಳ ಹೊಳೆಯಿತು. ಒದ್ದೆ ಕಾರು ಹೊಳೆಯದೆ ಏನು ಮಾಡುತ್ತದೆ, ಒದ್ದೆ ಎಮ್ಮೆಯೂ ಹೊಳೆಯುತ್ತದೆ. ಅಂಗಳದವರು ಚಪ್ಪಾಳೆ ತಟ್ಟಿದರು. ಇಬ್ಬರು ಆಗಲೇ ಬಾಮೈದನ ಟವಲಿನ ಕೆಳಗೆ ಕೈ ತೂರಿಸಿ, ಗೂಡಿನ ಸಂತೆಯ ರೂಢಿಯಂತೆ ಬೆರಳು ಮುಟ್ಟಿ ಮುಟ್ಟಿ ಚೌಕಾಸಿ ಶುರು ಮಾಡಿದ್ದರು.

ಪೂಜೆಗೆ ಅಂತ ಯಜಮಾನರ ತಾಯಿ ಆರತಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಕಾರು ಒಣಗಿತ್ತು. ಬಿಸಿಲು ಇನ್ನೂ ಓರೆಯಾಗಿತ್ತು. ಮುದುಕಿಗೆ ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತಿದ್ದವು, ಮುಚ್ಚುಮರೆ ಮಾತ್ರ ಬರುತ್ತಿರಲಿಲ್ಲ. ಬಾನೆಟ್ಟಿಗೆ ಕುಂಕುಮ ಇಡಲು ಬಗ್ಗಿದವರು ಹಾಗೇ ನಿಂತರು.

"ಅಯ್ಯೋ ದೇವುಡಾ, ಇದೇಂ ನಾಯನಾ? ಬೆಕ್ಕು ಪರಚ್ದಂಗೈತಲ್ಲೋ ಗಾಡಿ ಮೈಯೆಲ್ಲ!"

ಟವಲಿನ ಕೆಳಗಿನ ಕೈಗಳು ಆಚೆ ಬಂದವು. ಯಜಮಾನರು ಹತ್ತಿರ ಹೋಗಿ ಬಗ್ಗಿದರು. ಅವರ ಮೀಸೆ ಬಾನೆಟ್ಟಿನಲ್ಲಿ ಕಾಣಲಿಲ್ಲ, ಗುಂಡು ಗುಂಡು ಗೀರುಗಳ ಒಂದು ಬೂದು ಮಬ್ಬು ಕಂಡಿತು. ಅವರು ನೆಟ್ಟಗಾದರು. ಬಾಮೈದನನ್ನು ನೋಡಿದರು. ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಎಷ್ಟು ಸಲ ಹೇಳಿದ್ನಯ್ಯ ನಿಂಗೆ? ಆ ದರಿದ್ರ ಕುರಿ ಕೂದ್ಲಲ್ಲಿ ಉಜ್ಜಬೇಡ ಅಂತ! ಹೊಸ ಬಣ್ಣ ಹಾಳು ಮಾಡಿಟ್ಟಿದೀಯಲ್ಲ!" ಎಂದರು.

ನಾನು ಸುತ್ತ ನೋಡಿದೆ. ಅಷ್ಟೂ ಜನ ಅದೇ ಅಂಗಳದಲ್ಲಿ ನಿಂತು, ಯಾರು ಉಜ್ಜಿದರು, ಯಾತರಲ್ಲಿ ಉಜ್ಜಿದರು ಎಂದು ಕಣ್ಣಾರೆ ನೋಡಿದವರು. ಅಷ್ಟೂ ಜನ ಗೋಣು ಆಡಿಸಿದರು. "ಹೌದೌದು, ಹಳೇ ಗೀರು ಅದು. ಗೌಸಲ್ಲಿ ತೊಳೆದ ಮೇಲೆ ಕಾಣಿಸ್ತು, ಅಷ್ಟೇ," ಎಂದನೊಬ್ಬ. "ಡ್ರೈವರ್‌ಗಳ ಹಣೇಬರಾನೇ ಇಷ್ಟು ಬಿಡಿ," ಎಂದ ಇನ್ನೊಬ್ಬ. ಥೂ! ಊರಿಗೆ ದೊಡ್ಡವರು, ಹಬ್ಬದ ದಿನ, ಹಣೆ ತುಂಬ ವಿಭೂತಿ ಬಳಿದುಕೊಂಡು ಆಡಿದ ಮಾತು ಇದು. ಮುದುಕಿ ಒಬ್ಬರೇ ಏನೋ ಹೇಳಲು ಬಾಯಿ ತೆರೆದರು. ಮಗ ಅವರ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಕಳಿಸಿದರು.

ಕಾರಿನ ಬೀಗದಕೈ ಬಾನೆಟ್ಟಿನ ಮೇಲಿಟ್ಟು ಕೋಣೆಗೆ ಬಂದೆ. ಹೆಂಡತಿ ಶೆಡ್ಡಿನ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೋಳಿಗೆಗೆ ಬೇಯಿಸಿದ್ದ ಬೇಳೆ ಹಾಗೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಯಜಮಾನರು ತಾವೇ ಬಂದು ನಮ್ಮ ಬಾಗಿಲಲ್ಲಿ ನಿಂತರು. ಅವರು ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡ. ಕೆಲಸ ಎಲ್ಲೂ ಹೋಗಲ್ಲ. ಕಾರಿಗೆ ಮತ್ತೆ ಬಣ್ಣ ಹೊಡಿಸ್ತೀನಿ. ನಾಳೆಯಿಂದ ಶೆಡ್ಡಿನ ಬಾಗ್ಲು ಹಾಕ್ಕೊಂಡು, ಒಳಗೇ ಆ ಉಣ್ಣೇದ್ರಲ್ಲೇ ತೊಳಿ. ಯಾರಾದ್ರೂ ಕೇಳಿದ್ರೆ ರೇಷ್ಮೇದು ಅನ್ನು. ಅಷ್ಟೇ," ಎಂದರು.

"ಗೀರು ಯಾವುದರದ್ದು ಅಂತ ನಿಮಗೆ ಗೊತ್ತಾ ಯಜಮಾನ್ರೇ?"

"ಗೊತ್ತಾಗ್ದೇ ಏನು? ನಂಗೇನು ಕಣ್ಣಿಲ್ವಾ?"

"ಹಂಗಾದ್ರೆ ನನ್ನ ಮೇಲೆ ಯಾಕೆ ಹೊರಿಸಿದ್ರಿ?"

"ಅವ್ನು ನನ್ ಹೆಂಡ್ತಿ ತಮ್ಮ ಕಣಯ್ಯ," ಎಂದರು, ಇದು ತಿಳಿಯದ ದಡ್ಡನಿದ್ದಾನೆಯೇ ಎನ್ನುವಂತೆ. "ನೀನು ನಾಳೆ ಬೇಕಾದ್ರೆ ಇನ್ನೊಂದು ಊರಿಗೆ ಹೋಗಬಲ್ಲೆ. ಅವ್ನು ಎಲ್ಲಿಗೆ ಹೋಗ್ತಾನೆ?"

ನನಗೆ ನಗು ಬಂತು, ಸಿಟ್ಟೂ ಬಂತು. "ಕೆಲಸ ಮಾಡ್ತೀನಿ ಯಜಮಾನ್ರೇ. ಬೆಳಗ್ಗೆ ಇದ್ದೋರಲ್ಲಿ ಒಬ್ರನ್ನಾದ್ರೂ ಕರೆಸಿ, ಆ ಅಂಗಳದಲ್ಲೇ ನಿಂತು, ಡ್ರೈವರ್ ತಪ್ಪಲ್ಲ ಅಂತ ಒಂದ್ ಮಾತು ಹೇಳಿ. ಸಾಕು."

ಅವರು ಬಾಗಿಲ ಚೌಕಟ್ಟನ್ನು ಆ ಹೆಸರಾದ ಬೆರಳಿನಿಂದ ಸವರಿದರು. "ಅದಾಗಲ್ಲ," ಎಂದರು. ನಾನು ಹೆಂಡತಿಯ ಕಡೆ ನೋಡಿದೆ. ಇಲ್ಲಿಂದ ಏಳಲ್ಲ ಅಂದವಳು ಅವಳು. ಮಗಳ ಶಾಲೆ, ಸುಣ್ಣದ ಗೋಡೆ, ಒಲೆ ಎಲ್ಲ ಅವಳದು. ಅವಳು ಏನು ಹೇಳಿದರೂ ನಾನು ಬಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವಳು ಯಜಮಾನರತ್ತ ತಿರುಗಿ, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದಲೇ ಕೇಳಿದಳು: "ಚಿಂತಾಮಣಿ ಕಡೆಗೆ ಬೆಳಗ್ಗೆ ಮೊದಲನೇ ಬಸ್ಸು ಎಷ್ಟೊತ್ತಿಗಪ್ಪಾ?"